ನಿಮ್ಮ ಅತಿ ದುಬಾರಿ ನಾಣ್ಯವನ್ನು ನಾಲ್ಕು ಜನಕ್ಕೆ ತೋರಿಸುವುದು ಹೇಗೆ?

ನಾಣ್ಯ ಸಂಗ್ರಹಿಸುವವರು ಒಂದು ಕಡೆ ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ: ‘ನಿಮ್ಮ ಹತ್ತಿರ ಇರುವುದರಲ್ಲಿ ಅತಿ ದುಬಾರಿ ನಾಣ್ಯ ಯಾವುದು?’ ಕೂಡಲೇ ಜೇಬಿನಿಂದ ಮೊಬೈಲ್ ಹೊರಬರುತ್ತದೆ. ಪರದೆ ಮೇಲೆ ಮಸುಕಾದ ಹಳದಿ ಬಿಲ್ಲೆ, ನಡುವೆ ಫ್ಲ್ಯಾಶ್‌ನ ಬಿಳಿ ಮಚ್ಚೆ. ಇಸವಿ ಓದಲು ಆಗುವುದಿಲ್ಲ. ರಾಜನ ಮೂಗು ಎಲ್ಲಿ, ಕಿವಿ ಎಲ್ಲಿ ಗೊತ್ತಾಗುವುದಿಲ್ಲ. ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಕೊಂಡ ನಾಣ್ಯಕ್ಕೆ ಇದು ಅನ್ಯಾಯ ಅಲ್ವಾ? ಇದಕ್ಕಿಂತ ಬೇಸರದ ವಿಷಯ ಇನ್ನೊಂದಿದೆ. ಫೋಟೊ ಚೆನ್ನಾಗಿ ಬರಲಿ ಎಂದು ಹಿಂದಿನ ರಾತ್ರಿ ನಾಣ್ಯವನ್ನು ತಿಕ್ಕಿ ತೊಳೆಯುವವರೂ ಇದ್ದಾರೆ. ಹಾಗೆ ಹಾಳಾದ ನಾಣ್ಯಗಳನ್ನು ಸಾಕಷ್ಟು ನೋಡಿದ್ದೇನೆ. ಅದಕ್ಕೇ ಈ ಲೇಖನ.

ಮೊದಲು: ತೊಳೆಯಬೇಡಿ

ಟಂಕಸಾಲೆಯಲ್ಲಿ ಅಚ್ಚು ಬಿದ್ದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನಿಂದ ಮೇಲ್ಮೈ ತುಂಬ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ಹೊಸ ನಾಣ್ಯವನ್ನು ಬೆಳಕಿನಲ್ಲಿ ಓರೆ ಮಾಡಿದರೆ ಹೊಳಪಿನ ಪಟ್ಟಿಯೊಂದು ಸುತ್ತಲೂ ತಿರುಗುತ್ತದೆ, ನೋಡಿ. ಅದು ಈ ಗೆರೆಗಳದ್ದೇ ಕೆಲಸ. ಟೂತ್‌ಪೇಸ್ಟ್, ಅಡುಗೆ ಸೋಡಾ, ಪಾತ್ರೆ ಪುಡಿ ಹಾಕಿ ಒಮ್ಮೆ ಉಜ್ಜಿದರೆ ಅವು ಅಳಿಸಿಹೋಗುತ್ತವೆ, ಮತ್ತೆ ಬರುವುದಿಲ್ಲ. ಉಜ್ಜಿದ ನಾಣ್ಯ ಥಳಥಳ ಹೊಳೆಯುತ್ತದೆ ನಿಜ, ಆದರೆ ಆ ಹೊಳಪು ಚಪ್ಪಟೆ. ಬಲ್ಲವರು ನೋಡಿದ ಕೂಡಲೇ ಹೇಳುತ್ತಾರೆ. ನಾಣ್ಯದ ಸ್ಥಿತಿ ನೋಡಿ ದರ್ಜೆ ಕೊಡುವ ಗ್ರೇಡಿಂಗ್ ಕಂಪನಿಗಳು ಇಂಥ ನಾಣ್ಯಕ್ಕೆ 70ರ ಅಳತೆಯಲ್ಲಿ ಅಂಕ ಕೊಡುವ ಬದಲು ‘ಕ್ಲೀನ್ಡ್’ ಎಂದು ಷರಾ ಬರೆದು ಕಳಿಸುತ್ತವೆ.

ಅದ್ದಿ ತೆಗೆದರೆ ಸಾಕು ಎನ್ನುವ ಸಿಲ್ವರ್ ಡಿಪ್ ದ್ರಾವಣಗಳನ್ನು ನಂಬಬೇಡಿ. ಅವುಗಳಲ್ಲಿ ಆಮ್ಲ ಇರುತ್ತದೆ. ಕಪ್ಪಿನ ಜೊತೆಗೆ ಮೇಲ್ಮೈಯ ಒಂದು ಪದರವೂ ಕರಗಿ ಹೋಗುತ್ತದೆ. ಎರಡು ಮೂರು ಸಲ ಅದ್ದಿದ ನಾಣ್ಯ ಕಳೆಗುಂದಿ ಸಪ್ಪೆಯಾಗುತ್ತದೆ.

ಒಂದೇ ಒಂದು ವಿನಾಯಿತಿ ಇದೆ. ಪಿವಿಸಿಯ ಮೆತ್ತನೆ ಪ್ಲಾಸ್ಟಿಕ್ ಫ್ಲಿಪ್‌ನಲ್ಲಿ (ನಾಣ್ಯ ಇಡುವ ಪುಟ್ಟ ಚೀಲ) ಬಹಳ ಕಾಲ ಇಟ್ಟ ನಾಣ್ಯದ ಮೇಲೆ ಹಸಿರು ಜಿಡ್ಡು ಕೂರುತ್ತದೆ. ಅದನ್ನು ಹಾಗೇ ಬಿಟ್ಟರೆ ಲೋಹವನ್ನು ತಿನ್ನುತ್ತದೆ. ಬೆಳ್ಳಿ, ಬಂಗಾರದ ನಾಣ್ಯವಾದರೆ ಗಾಜಿನ ಬಟ್ಟಲಲ್ಲಿ ಶುದ್ಧ ಅಸಿಟೋನ್ ಹಾಕಿ ಸ್ವಲ್ಪ ಹೊತ್ತು ಮುಳುಗಿಸಿಡಿ. ಉಜ್ಜಬೇಡಿ. ಹೊರತೆಗೆದು ಹಾಗೇ ಒಣಗಲು ಬಿಡಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಅಂಗಡಿಯ ನೇಲ್ ಪಾಲಿಶ್ ರಿಮೂವರ್‌ನಲ್ಲೂ ಅಸಿಟೋನ್ ಇದೆ ಎಂದು ಅದನ್ನೇ ಸುರಿಯಬೇಡಿ. ಅದರಲ್ಲಿ ಬಣ್ಣ, ಸುವಾಸನೆ, ಎಣ್ಣೆ ಎಲ್ಲ ಬೆರೆಸಿರುತ್ತಾರೆ. ತಾಮ್ರದ ನಾಣ್ಯವಾದರೆ ನೀವೇ ಕೈ ಹಾಕುವ ಬದಲು ಅನುಭವಿಗಳಿಗೆ ಕೊಡಿ.

ಹಿಡಿಯುವುದು, ತೂಗುವುದು

ಹೆಬ್ಬೆರಳು, ತೋರುಬೆರಳಿನಿಂದ ಅಂಚನ್ನಷ್ಟೇ ಹಿಡಿಯಿರಿ. ಕೆಳಗೆ ಮೆತ್ತನೆ ಬಟ್ಟೆ ಹಾಸಿರಿ. ನಾಣ್ಯದ ಮೇಲೆ ಬಾಗಿ ಮಾತಾಡಬೇಡಿ, ಉಗುಳು ಹಾರಿದರೆ ಕಲೆ ಉಳಿಯುತ್ತದೆ. ಹತ್ತಿಯ ಕೈಗವಸು ನನಗೆ ಒಗ್ಗುವುದಿಲ್ಲ. ಅದರಲ್ಲಿ ನಾಣ್ಯ ಜಾರುತ್ತದೆ. ತೊಳೆದು ಒಣಗಿಸಿದ ಬರಿಗೈಯೇ ವಾಸಿ.

ತೋರಿಸುವ ಮೊದಲು ತೂಕ, ಅಗಲ ಬರೆದಿಟ್ಟುಕೊಳ್ಳಿ. 0.01 ಗ್ರಾಂವರೆಗೆ ತೋರಿಸುವ ತಕ್ಕಡಿ ಬೇಕು. ಅಗಲ ಅಳೆಯಲು ಪ್ಲಾಸ್ಟಿಕ್ ಕ್ಯಾಲಿಪರ್ ತೆಗೆದುಕೊಳ್ಳಿ, ಉಕ್ಕಿನದು ಅಂಚಿಗೆ ಗೀರು ಹಾಕುತ್ತದೆ. ಬ್ರಿಟಿಷ್ ಚಿನ್ನದ ಸಾವರಿನ್ 7.98 ಗ್ರಾಂ ತೂಗಬೇಕು, ಅಗಲ 22.05 ಮಿ.ಮೀ. ಇರಬೇಕು. ಅಮೆರಿಕದ ಮಾರ್ಗನ್ ಬೆಳ್ಳಿ ಡಾಲರ್ 26.73 ಗ್ರಾಂ, 38.1 ಮಿ.ಮೀ. ಸವೆದಿದ್ದರೆ ತೂಕ ತುಸು ಕಡಿಮೆ ಬರಬಹುದು. ಸವೆತವೇ ಇಲ್ಲದ ನಾಣ್ಯ ಹಗುರವಾಗಿದ್ದರೆ ಫೋಟೊ ಆಮೇಲೆ, ಮೊದಲು ಅದು ಅಸಲಿಯೋ ಎಂದು ಪರೀಕ್ಷೆ ಮಾಡಿಸಿ. ಅಯಸ್ಕಾಂತಕ್ಕೆ ಅಂಟಿದರಂತೂ ಅದು ಬೆಳ್ಳಿಯೂ ಅಲ್ಲ, ಬಂಗಾರವೂ ಅಲ್ಲ.

ಬೆಳಕು: ಎಲ್ಲರೂ ಎಡವುವುದು ಇಲ್ಲೇ

ಒಳ್ಳೆ ಕ್ಯಾಮೆರಾ ಇಲ್ಲದ್ದಕ್ಕೆ ಫೋಟೊ ಕೆಟ್ಟಿತು ಎಂದು ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಈಗಿನ ಯಾವ ಮೊಬೈಲ್ ಆದರೂ ಸಾಕು, ಬೆಳಕು ಸರಿಯಾಗಿರಬೇಕು ಅಷ್ಟೆ.

ಫ್ಲ್ಯಾಶ್ ಬಂದ್ ಮಾಡಿ. ಫ್ಲ್ಯಾಶ್ ಇರುವುದು ಲೆನ್ಸ್ ಪಕ್ಕದಲ್ಲೇ. ಅದರ ಬೆಳಕು ನೇರ ಹೋಗಿ ನೇರ ವಾಪಸ್ ಬಂದು ಕ್ಯಾಮೆರಾ ಕಣ್ಣಿಗೆ ರಾಚುತ್ತದೆ. ಕೋಣೆಯ ದೀಪಗಳನ್ನೂ ಆರಿಸಿ. ಎರಡು ಮೇಜು ದೀಪ ಇಟ್ಟುಕೊಳ್ಳಿ, ಎರಡಕ್ಕೂ ಒಂದೇ ಬಗೆಯ ಬಿಳಿ ಎಲ್‌ಇಡಿ ಬಲ್ಬ್ ಹಾಕಿ. ಬಲ್ಬ್ ಡಬ್ಬಿ ಮೇಲೆ ಸಿಆರ್‌ಐ 90 ಅಥವಾ ಅದಕ್ಕಿಂತ ಜಾಸ್ತಿ ಎಂದಿದ್ದರೆ ಬಣ್ಣ ನಿಜಕ್ಕೆ ಹತ್ತಿರ ಬರುತ್ತದೆ. ಒಂದು ಬಲ್ಬ್ ಹಳದಿ, ಒಂದು ಬಿಳಿ ಆದರೆ ರಾಜನ ಒಂದು ಕೆನ್ನೆ ಅರಿಶಿನ, ಇನ್ನೊಂದು ನೀಲಿ. ಆಮೇಲೆ ಯಾವ ಆ್ಯಪ್‌ನಿಂದಲೂ ಅದು ಸರಿಹೋಗುವುದಿಲ್ಲ.

ಮೊಬೈಲನ್ನು ಸ್ಟ್ಯಾಂಡಿಗೆ ಕಟ್ಟಿ, ನಾಣ್ಯದ ನೆತ್ತಿಯ ಮೇಲೆ ನೇರ ಬರುವಂತೆ ನಿಲ್ಲಿಸಿ. ನೇರ ಇದೆಯೋ ಇಲ್ಲವೋ ನೋಡಲು ಸುಲಭದ ದಾರಿಯಿದೆ. ನಾಣ್ಯ ಇಡುವ ಜಾಗದಲ್ಲಿ ಪುಟ್ಟ ಕನ್ನಡಿ ಇಡಿ. ಪರದೆಯ ಸರಿಯಾಗಿ ನಡುವೆ ನಿಮ್ಮ ಲೆನ್ಸೇ ಕಂಡರೆ ನೇರ ಇದೆ. ಪಕ್ಕಕ್ಕೆ ಕಂಡರೆ ಸ್ಟ್ಯಾಂಡ್ ಸರಿಸಿ. ಇಲ್ಲದಿದ್ದರೆ ಗುಂಡಗಿನ ನಾಣ್ಯ ಮೊಟ್ಟೆಯಾಕಾರ ಆಗುತ್ತದೆ, ಒಂದು ಬದಿ ಮಸುಕಾಗುತ್ತದೆ.

ತೀರಾ ಹತ್ತಿರ ಹೋಗಬೇಡಿ. ಹತ್ತಿರ ಹೋದಷ್ಟೂ ಮೊಬೈಲಿನ ನೆರಳೇ ನಾಣ್ಯದ ಮೇಲೆ ಬೀಳುತ್ತದೆ, ನಡುಭಾಗ ಉಬ್ಬಿದಂತೆ ಕಾಣುತ್ತದೆ. ದೂರ ನಿಂತು 2ಎಕ್ಸ್ ಅಥವಾ 3ಎಕ್ಸ್ ಜೂಮ್ ಮಾಡಿ. ಕೆಲವು ಮೊಬೈಲ್‌ಗಳು ತಾವಾಗಿಯೇ ಮ್ಯಾಕ್ರೊಗೆ, ಅಂದರೆ ತೀರಾ ಹತ್ತಿರದಿಂದ ತೆಗೆಯುವ ವಿಧಾನಕ್ಕೆ, ಬದಲಾಗುತ್ತವೆ, ಅದನ್ನು ಸೆಟ್ಟಿಂಗ್‌ನಲ್ಲಿ ಬಂದ್ ಮಾಡಿ.

ಈಗ ದೀಪಗಳ ಜಾಗ. ನಾಣ್ಯವನ್ನು ಗಡಿಯಾರ ಎಂದುಕೊಳ್ಳಿ. ಒಂದು ದೀಪ 10ರ ಕಡೆ, ಇನ್ನೊಂದು 2ರ ಕಡೆ ಇರಲಿ. ಕೆಳಗಿನ ಕಡೆಯಿಂದ, ಅಂದರೆ 6ರಿಂದ, ಬೆಳಕು ಬಿಡಬೇಡಿ. ಬೆಳಕು ಮೇಲಿನಿಂದ ಬೀಳುತ್ತದೆ ಎಂದು ನಮ್ಮ ಕಣ್ಣಿಗೆ ರೂಢಿ. ಕೆಳಗಿನಿಂದ ಬಂದರೆ ಉಬ್ಬಿರುವ ಮುಖ ತಗ್ಗಿನಂತೆ ಕಾಣುತ್ತದೆ. ದೀಪಗಳು ಎತ್ತರದಲ್ಲಿರಲಿ, ಲೆನ್ಸ್‌ಗೆ ಆದಷ್ಟು ಹತ್ತಿರ ಇರಲಿ. ಮೇಜಿನ ಮಟ್ಟಕ್ಕೆ ಇಳಿಸಿದರೆ ಕಣ್ಣಿಗೇ ಬೀಳದ ಗೀರು ಕೂಡ ಹಳ್ಳದಂತೆ ಕಾಣುತ್ತದೆ, ಹೊಳಪು ಪೂರ್ತಿ ಮಾಯ.

ಇಲ್ಲಿಂದ ತಾಳ್ಮೆ ಬೇಕು. ನಾಣ್ಯವನ್ನು ಬಾಟಲಿಯ ಮುಚ್ಚಳದ ಮೇಲೆ ಕೂರಿಸಿ, ಮುಚ್ಚಳಕ್ಕೆ ಮೆತ್ತನೆ ಬಟ್ಟೆ ಹೊದಿಸಿರಿ. ದೀಪಗಳನ್ನು ಮುಟ್ಟದೆ ಮುಚ್ಚಳವನ್ನಷ್ಟೇ ನಿಧಾನ ತಿರುಗಿಸುತ್ತಾ ಪರದೆ ನೋಡಿ. ಹೊಳಪಿನ ಪಟ್ಟಿ ಜರುಗುತ್ತಾ ಹೋಗುತ್ತದೆ. ಒಂದು ಕೋನದಲ್ಲಿ ಕೆನ್ನೆಗೆ ಬೆಳಕು ಬಿದ್ದು, ಮೂಗಿನ ಪಕ್ಕ ಸಣ್ಣ ನೆರಳು ಕೂರುತ್ತದೆ. ಕೂದಲ ಎಳೆ ಬಿಡಿಬಿಡಿಯಾಗಿ ಕಾಣುತ್ತದೆ, ಇಸವಿಯ ಅಂಕಿಗಳು ಮೇಲೆದ್ದು ನಿಲ್ಲುತ್ತವೆ. ಅಲ್ಲೇ ನಿಲ್ಲಿಸಿ. ಸರಿಯಾಗಿ ಕಾಣದಿದ್ದರೆ ಒಂದು ದೀಪವನ್ನು ಎರಡು ಬೆರಳಿನಷ್ಟು ಸರಿಸಿ, ಮತ್ತೆ ತಿರುಗಿಸಿ. ಒಂದು ನಾಣ್ಯಕ್ಕೆ ಅರ್ಧ ಗಂಟೆ ಹೋದರೆ ಹೋಗಲಿ.

ರಿಂಗ್ ಲೈಟ್ ಕೊಳ್ಳಬೇಡಿ. ಸುತ್ತಲಿಂದ ಒಂದೇ ಸಮ ಬೆಳಕು ಬಿದ್ದರೆ ನೆರಳೇ ಇಲ್ಲ, ನೆರಳಿಲ್ಲದಿದ್ದರೆ ಉಬ್ಬು ತಗ್ಗು ಇಲ್ಲ. ಬಿಳಿ ಬಟ್ಟೆಯ ಲೈಟ್ ಬಾಕ್ಸ್ ಕೂಡ ಬೇಡ. ಸರ, ಬಳೆಗೆ ಅದು ಸರಿ, ಟಂಕಸಾಲೆಯ ಮೂಲ ಹೊಳಪಿರುವ ನಾಣ್ಯವನ್ನು ಕೊಂದುಬಿಡುತ್ತದೆ. ಬಲ್ಬಿನ ಬೆಳಕು ತೀರಾ ಚುರುಕು ಅನಿಸಿದರೆ ತೆಳು ಟ್ರೇಸಿಂಗ್ ಪೇಪರ್ ಒಂದು ಪದರ ಸಾಕು.

ಸಂಗ್ರಹಿಸುವವರಿಗೆಂದೇ ವಿಶೇಷವಾಗಿ ಅಚ್ಚು ಹಾಕುವ ಪ್ರೂಫ್ ನಾಣ್ಯದ ಕಥೆಯೇ ಬೇರೆ. ಅದರ ಬಯಲು, ಅಂದರೆ ಚಿತ್ರವಿಲ್ಲದ ಭಾಗ, ಕನ್ನಡಿಯಂತೆ ಇರುತ್ತದೆ. ಮೇಲೆ ಹೇಳಿದಂತೆ ತೆಗೆದರೆ ಬಯಲು ಕಪ್ಪು, ಚಿತ್ರ ಬಿಳಿ ಬರುತ್ತದೆ, ಅದೂ ಚೆಂದವೇ. ಬಯಲೂ ಬೆಳಗಬೇಕು ಎಂದರೆ ಲೆನ್ಸ್ ಮತ್ತು ನಾಣ್ಯದ ನಡುವೆ ತೆಳು ಗಾಜಿನ ತುಂಡನ್ನು 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ಪಕ್ಕದಿಂದ ಒಂದೇ ದೀಪ ಹಾಕಿ. ಬೆಳಕು ಗಾಜಿಗೆ ತಾಗಿ ನೇರ ಕೆಳಗಿಳಿಯುತ್ತದೆ, ನಾಣ್ಯದಿಂದ ನೇರ ಮೇಲೆ ಬರುತ್ತದೆ. ದೀಪದ ಎದುರು ಬದಿಗೆ ಕಪ್ಪು ರಟ್ಟು ಇಡಿ. ದೀಪದ ನೇರ ಬೆಳಕು ನಾಣ್ಯಕ್ಕೆ ತಾಗದಂತೆ ಇನ್ನೊಂದು ರಟ್ಟು ಅಡ್ಡ ಇಡಿ. ಬೆಳ್ಳಿ ನಾಣ್ಯದ ಮೇಲೆ ಕಾಲಕ್ರಮೇಣ ಮೂಡುವ ನೀಲಿ, ನೇರಳೆ ಟೋನಿಂಗ್ ತೋರಿಸಲೂ ಇದೇ ಸರಿ. ಆ ಬಣ್ಣಗಳು ಬೆಳಕು ನೇರ ವಾಪಸ್ ಬಂದಾಗಲೇ ಎದ್ದು ಕಾಣುವುದು.

ಸ್ಲ್ಯಾಬ್‌ನಲ್ಲಿರುವ, ಅಂದರೆ ಗ್ರೇಡಿಂಗ್ ಕಂಪನಿ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಟ್ಟ, ನಾಣ್ಯವಾದರೆ ಮೊದಲು ಪ್ಲಾಸ್ಟಿಕ್ ಒರೆಸಿ. ಪ್ಲಾಸ್ಟಿಕ್ ಮೇಲೆ ದೀಪದ ಬಿಂಬ ಕಂಡರೆ ಒಂದು ಬದಿಗೆ ಮಡಚಿದ ಕಾಗದ ಇಟ್ಟು ಕೂದಲೆಳೆಯಷ್ಟು ಎತ್ತರಿಸಿ. ಫೋಟೊಗಾಗಿ ಸ್ಲ್ಯಾಬ್ ಒಡೆಯಬೇಡಿ.

ಕೆಳಗೆ ಹಾಸುವ ಬಟ್ಟೆ ಕಪ್ಪು ಅಥವಾ ಬೂದು ಇರಲಿ. ಕೆಂಪು ವೆಲ್ವೆಟ್ ಎಲ್ಲರಿಗೂ ಇಷ್ಟ, ಆದರೆ ಬೆಳ್ಳಿಯ ಅಂಚಿಗೆ ಆ ಕೆಂಪು ಇಳಿಯುತ್ತದೆ. ಕಪ್ಪು ಬಟ್ಟೆ ಇದ್ದಾಗ ಮೊಬೈಲ್ ತಾನೇ ಬೆಳಕು ಹೆಚ್ಚಿಸಿ ನಾಣ್ಯವನ್ನು ಸುಟ್ಟ ಹಾಗೆ ಬಿಳುಪು ಮಾಡುತ್ತದೆ. ಪರದೆಯಲ್ಲಿ ನಾಣ್ಯವನ್ನೇ ಒತ್ತಿ ಬೆಳಕನ್ನು ಕೆಳಗೆ ಎಳೆಯಿರಿ. 2 ಸೆಕೆಂಡ್ ಟೈಮರ್ ಹಾಕಿ, ಕೈ ನಡುಕ ತಪ್ಪುತ್ತದೆ.

ತೆಗೆದ ಮೇಲೆ

ನೇರ ಮಾಡಿ, ಕತ್ತರಿಸಿ, ಎರಡು ಬದಿಯನ್ನೂ ಒಂದೇ ಗಾತ್ರಕ್ಕೆ ತನ್ನಿ. ಅಷ್ಟೇ ಸಾಕು. ಬಣ್ಣ ಏರಿಸುವುದು, ಎಐ ಹಾಕಿ ಚುರುಕು ಮಾಡುವುದು ಬೇಡ. ಇಲ್ಲದ ಗೆರೆಗಳನ್ನು ಅದು ಸುಮ್ನೆ ಹುಟ್ಟಿಸುತ್ತದೆ.

ಅಂಚಿನ ಫೋಟೊ ಕೂಡ ಬೇಕು. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಎರಕ ಹೊಯ್ದ ನಕಲಿ ನಾಣ್ಯದ ಸೇರುಗೆರೆ, ಹಿಂದೆ ಯಾರೋ ಪದಕ ಮಾಡಿಕೊಂಡು ಆಮೇಲೆ ಕೊಂಡಿ ಅರೆದ ಗುರುತು, ಎರಡೂ ಅಲ್ಲೇ ಸಿಗುವುದು. ಬೆಳ್ಳಿ ಬಂಗಾರವನ್ನು ಅಂಚಿನಿಂದ ಕತ್ತರಿಸಿ ಕದಿಯುತ್ತಿದ್ದ ಕಾಲದಲ್ಲಿ, ಅದನ್ನು ತಡೆಯಲೆಂದೇ ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ರಾಜನ 1662ರ ಕ್ರೌನ್ ನಾಣ್ಯದ ಅಂಚಿಗೆ ಅಕ್ಷರ ಒತ್ತಿದರು. ನಿಮ್ಮ ನಾಣ್ಯದ ಅಂಚಿನಲ್ಲೂ ಬರಹ ಇದ್ದರೆ ಸುತ್ತಲೂ ತಿರುಗಿಸಿ ಪೂರ್ತಿ ತೆಗೆಯಿರಿ. ಗೀರು, ಪೆಟ್ಟು ಇದ್ದರೆ ಅದನ್ನೂ ಹತ್ತಿರದಿಂದ ತೋರಿಸಿ. ಮುಚ್ಚಿಡುವುದು ಬೇಡ.

ಜೊತೆಗೆ ಏನು ಬರೆಯಬೇಕು?

ದೇಶ, ಮುಖಬೆಲೆ, ಇಸವಿ, ಮಿಂಟ್ ಮಾರ್ಕ್ (ಟಂಕಸಾಲೆಯ ಗುರುತು), ಲೋಹ, ತೂಕ, ಅಗಲ, ಗ್ರೇಡ್ ಮತ್ತು ಅದನ್ನು ಕೊಟ್ಟವರು. ಇಸವಿ ಬರೆಯುವಾಗ ಹುಷಾರು. ನಾಣ್ಯದ ಮೇಲಿನ ಇಸವಿಯಲ್ಲೇ ಅದು ಅಚ್ಚಾಗಿದೆ ಎಂದೇನಿಲ್ಲ. ಅಮೆರಿಕದ ಹೆಸರಾಂತ 1804ರ ಬೆಳ್ಳಿ ಡಾಲರ್‌ಗಳು 1804ರಲ್ಲಿ ಅಚ್ಚಾದವಲ್ಲ. ಮೊದಲನೆಯವು ಬಂದದ್ದು 1834ರ ಹೊತ್ತಿಗೆ. ಆಸ್ಟ್ರಿಯಾದ ರಾಣಿಯ ಹೆಸರಿನ ಮರಿಯಾ ತೆರೇಸಾ ಥಾಲರ್ ಎಂಬ ಬೆಳ್ಳಿ ನಾಣ್ಯದ ಮೇಲೆ 1780 ಎಂದೇ ಇರುತ್ತದೆ, ಆದರೆ ಅದೇ ಇಸವಿ ಹಾಕಿ 20ನೇ ಶತಮಾನದಲ್ಲೂ ಅಚ್ಚು ಹಾಕಿದ್ದಾರೆ. ಅದನ್ನು 1780ರದ್ದೇ ಎಂದು ಹೇಳಿಕೊಂಡು ಓಡಾಡುವವರು ಈಗಲೂ ಸಿಗುತ್ತಾರೆ.

ನಾಣ್ಯ ಯಾರ ಕೈಯಿಂದ ಯಾರ ಕೈಗೆ ಬಂತು ಎನ್ನುವುದನ್ನು ಬರೆಯಲೇಬೇಕು. 2021ರ ಜೂನ್‌ನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅಮೆರಿಕದ 1933ರ ಡಬಲ್ ಈಗಲ್ ಚಿನ್ನದ ನಾಣ್ಯ ಸುಮಾರು 1 ಕೋಟಿ 89 ಲಕ್ಷ ಡಾಲರ್‌ಗೆ ಹೋಯಿತು. 1933ರಲ್ಲಿ ಇಂಥವು 4,45,500 ಅಚ್ಚಾಗಿದ್ದವು. ಚಲಾವಣೆಗೆ ಬಿಡದೆ ಬಹುತೇಕ ಎಲ್ಲವನ್ನೂ ಕರಗಿಸಿದರು. ಖಾಸಗಿಯವರು ಕಾನೂನು ಪ್ರಕಾರ ಇಟ್ಟುಕೊಳ್ಳಬಹುದಾದದ್ದು ಹರಾಜಾದ ಆ ಒಂದೇ ನಾಣ್ಯ. ಆ ಬೆಲೆ ಬಂದದ್ದು ಬಂಗಾರಕ್ಕಲ್ಲ, ಅದನ್ನು ಇಟ್ಟುಕೊಳ್ಳಬಹುದು ಎನ್ನುವ ಕಾಗದಪತ್ರಕ್ಕೆ. ಇದಕ್ಕೆ ತದ್ವಿರುದ್ಧದ ಉದಾಹರಣೆಯೂ ಇದೆ. ರೋಮಿನ ಜೂಲಿಯಸ್ ಸೀಸರ್ ಹತ್ಯೆಯ ನೆನಪಿಗೆ, ಕೊಂದವರಲ್ಲಿ ಒಬ್ಬನಾದ ಬ್ರೂಟಸ್ ಹೊರಡಿಸಿದ ಚಿನ್ನದ ನಾಣ್ಯವೊಂದು 2020ರಲ್ಲಿ ಲಂಡನ್ನಿನಲ್ಲಿ 30 ಲಕ್ಷ ಪೌಂಡಿಗೂ ಜಾಸ್ತಿ ಬೆಲೆಗೆ ಮಾರಾಟವಾಯಿತು. ಅದರ ಪೂರ್ವಚರಿತ್ರೆಯ ದಾಖಲೆ ಸುಳ್ಳು ಎಂದು ಆಮೇಲೆ ಗೊತ್ತಾಗಿ, 2023ರಲ್ಲಿ ನಾಣ್ಯ ಗ್ರೀಸ್‌ಗೆ ವಾಪಸ್ ಹೋಯಿತು. ಹಾಗಾಗಿ ರಸೀದಿ, ಹಳೆಯ ಹರಾಜು ಪುಸ್ತಿಕೆಯ ಪುಟ, ಹಿಂದಿನವರು ಬರೆದ ಚೀಟಿ, ಎಲ್ಲವನ್ನೂ ಜೋಪಾನ ಮಾಡಿ. ಅವುಗಳ ಫೋಟೊ ಕೂಡ ತೆಗೆದಿಡಿ.

ಬೆಲೆ ಕೇಳಿಯೇ ಕೇಳುತ್ತಾರೆ. ಹೇಳುವುದಾದರೆ ಯಾವ ವರ್ಷ ಎಷ್ಟು ಕೊಟ್ಟಿರಿ ಎಂದಷ್ಟೇ ಹೇಳಿ. ‘ಈಗ ಇಷ್ಟು ಬಾಳುತ್ತದೆ’ ಎಂದು ಊಹೆಯ ಮಾತು ಬೇಡ.

ಕಳಿಸುವ ಮೊದಲು ಫೋಟೊ ಜೊತೆ ಸೇರಿರುವ ಸ್ಥಳದ ಮಾಹಿತಿ ಅಳಿಸಿ. ಇಲ್ಲದಿದ್ದರೆ ನಾಣ್ಯ ಯಾವ ಮನೆಯಲ್ಲಿದೆ ಎಂದು ನೀವೇ ಸಾರಿದ ಹಾಗೆ. ಸ್ಲ್ಯಾಬ್ ಮೇಲಿನ ಸರ್ಟಿಫಿಕೇಟ್ ನಂಬರಿನ ಕೊನೆಯ ಅಂಕಿಗಳನ್ನು ಮರೆಮಾಡಿ. ಅಸಲಿ ನಂಬರ್ ನಕಲು ಮಾಡಿ ನಕಲಿ ಸ್ಲ್ಯಾಬ್ ತಯಾರಿಸುವವರಿದ್ದಾರೆ. ಕೊಳ್ಳಲು ಬಂದವರು ನಿಜವಾಗಿ ಪರಿಶೀಲಿಸಬೇಕೆಂದರೆ ಆಗ ಪೂರ್ತಿ ನಂಬರ್ ಕೊಡಿ. ಪ್ರೂಫ್ ನಾಣ್ಯವಾದರೆ ಫೋಟೊ ದೊಡ್ಡದು ಮಾಡಿ ಬಯಲು ಭಾಗವನ್ನು ಇನ್ನೊಮ್ಮೆ ನೋಡಿ. ನಿಮ್ಮ ಮುಖ, ಹಿಂದಿನ ಕಪಾಟು ಅಲ್ಲಿ ಬಿಂಬವಾಗಿ ಕೂತಿದ್ದರೆ ಕಪ್ಪು ರಟ್ಟಿನ ನಡುವೆ ತೂತು ಮಾಡಿ, ಲೆನ್ಸ್ ಅದರಲ್ಲಿ ತೂರಿಸಿ ಮತ್ತೆ ತೆಗೆಯಿರಿ.