ಸೆಲ್ಫ್ ಒತ್ತಿದರೆ ಬರೀ ‘ಟಕ್’: ತಪ್ಪು ಇದ್ದದ್ದು ಅರ್ತಿಂಗಿನಲ್ಲಿ

ಸ್ಕೂಟರಿನ ಸೆಲ್ಫ್ ಬಟನ್ ಒತ್ತಿದರೆ ರಿಲೇ (ಸ್ಟಾರ್ಟರ್ ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್) ‘ಟಕ್’ ಅನ್ನುತ್ತಿತ್ತು, ಮೋಟಾರ್ ತಿರುಗುತ್ತಿರಲಿಲ್ಲ. ಕಿಕ್ ಹೊಡೆದರೆ ಸ್ಟಾರ್ಟ್. ಹಾರ್ನ್, ಲೈಟ್ ಸರಿ ಇದ್ದವು.

ಬ್ಯಾಟರಿ ಚಾರ್ಜ್ ಮಾಡಿಸಿದೆ, ರಿಲೇ ಬದಲಿಸಿದೆ, ಸ್ಟಾರ್ಟರ್ ಮೋಟಾರಿನ ಬ್ರಷ್ ಕೂಡ ಹೊಸದು ಹಾಕಿದೆ. ಪ್ರಯೋಜನವಾಗಲಿಲ್ಲ. ಅಳತೆ ಮಾಡದೆ ಸುಮ್ನೆ ಭಾಗ ಬದಲಿಸಿದ್ದೇ ತಪ್ಪು.

ಕೊನೆಗೆ ವೋಲ್ಟ್ ಅಳೆಯುವ ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟೆ. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ತುದಿಗೆ, ಕೆಂಪು ಕಡ್ಡಿ ಎಂಜಿನ್ನಿನ ಬರಿ ಲೋಹಕ್ಕೆ. ಬ್ರೇಕ್ ಹಿಡಿದು ಸೆಲ್ಫ್ ಒತ್ತಿದೆ. 2.8 ವೋಲ್ಟ್ ತೋರಿಸಿತು! ಅರ್ಧ ವೋಲ್ಟಿಗಿಂತ ಕಡಿಮೆ ಇರಬೇಕು. ಅಂದರೆ ಅರ್ತಿಂಗ್ ದಾರಿಯಲ್ಲೇ (ಎಂಜಿನ್ ಮೈಯಿಂದ ಬ್ಯಾಟರಿಯ ನೆಗೆಟಿವ್ ತುದಿಗೆ ಹೋಗುವ ದಾರಿ) ತಡೆ. ಲೈಟಿಗೆ ಕರೆಂಟ್ ಕಡಿಮೆ ಸಾಕು, ಮೋಟಾರಿಗೆ ಜಾಸ್ತಿ ಬೇಕು ಅಲ್ವಾ, ಅದಕ್ಕೇ ಅಲ್ಲಿ ಮಾತ್ರ ಕೈಕೊಟ್ಟಿತ್ತು.

ಕೀ ತೆಗೆದು, ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಎಂಜಿನ್ನಿಗೆ ಕೂತಿದ್ದ ಅರ್ತ್ ವೈರಿನ ಬೋಲ್ಟ್ ಬಿಚ್ಚಿದರೆ, ವಾಷರಿನಂಥ ತುದಿಯ ಅಡಿಯಲ್ಲಿ ಬೂದು ಬಣ್ಣದ ಪುಡಿ. ಮೇಲಿಂದ ಅದು ಕಾಣುವುದೇ ಇಲ್ಲ. ವೈರಿನ ತುದಿ, ಎಂಜಿನ್ ಮೈ ಎರಡನ್ನೂ ಮರಳು ಕಾಗದದಿಂದ ಹೊಳೆಯುವಷ್ಟು ಉಜ್ಜಿ, ಬಿಗಿ ಮಾಡಿ, ಆಮೇಲೆ ಮೇಲೆ ವ್ಯಾಸಲೀನ್ ಸವರಿದೆ. ನೆಗೆಟಿವನ್ನು ಕೊನೆಗೆ ಜೋಡಿಸಿದೆ.

ಮತ್ತೆ ಅಳೆದಾಗ 0.1 ವೋಲ್ಟ್. ಮೊದಲ ಒತ್ತಿಗೇ ಸ್ಟಾರ್ಟ್ ಆಯಿತು.