ಕಲಬುರಗಿ ಬಿಸಿಲಲ್ಲಿ ಮನೆಯೊಳಗಿನ ಗಿಡಕ್ಕೆ ನಾನು ನೀರು ಹಾಕುವ ಬಗೆ

ನಮ್ಮ ಓಣಿಯಲ್ಲಿ ಯಾರ ಮನೆಯ ಗಿಡ ಬಾಡಿದರೂ ಕೇಳುವ ಮಾತು ಒಂದೇ. "ದಿನಾ ನೀರ್ ಹಾಕ್ತೀನ್ರಿ, ಆದ್ರೂ ಎಲಿ ಹಳದಿ ಆಗ್ಯಾವ." ದಿನಾ ಹಾಕುವುದೇ ಅಲ್ಲಿ ತೊಂದರೆ. ಅಂಗಳದ ತುಳಸಿ ಕುಡಿಯುವಷ್ಟು ನೀರನ್ನು ಹಾಲ್‌ನ ಮೂಲೆಯಲ್ಲಿರುವ ಮನಿ ಪ್ಲಾಂಟ್ ಕುಡಿಯುವುದಿಲ್ಲ. ಅಲ್ಲಿ ಬಿಸಿಲಿಲ್ಲ, ಗಾಳಿಯೂ ಕಮ್ಮಿ.

ಬೇರಿಗೂ ಉಸಿರಾಡಲು ಗಾಳಿ ಬೇಕು. ಮಣ್ಣು ಸದಾ ಒದ್ದೆ ಇದ್ದರೆ ಗಾಳಿ ಇರಬೇಕಾದ ಸಂದುಗಳಲ್ಲೆಲ್ಲ ನೀರು ತುಂಬಿ ಬೇರು ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯುವುದಿಲ್ಲ. ಹಾಗಾಗಿ ನೀರು ಜಾಸ್ತಿಯಾದ ಗಿಡವೂ ನೀರಿಲ್ಲದ ಗಿಡದಂತೆಯೇ ಜೋತು ಬೀಳುತ್ತದೆ. ಅದನ್ನು ನೋಡಿ ಜನ ಇನ್ನೊಂದು ಚರಿಗೆ ಸುರಿಯುತ್ತಾರೆ. ಅಲ್ಲಿಗೆ ಗಿಡದ ಕತೆ ಮುಗಿಯಿತು.

ಅದಕ್ಕೇ ನಾನು ವಾರದ ಲೆಕ್ಕ ಇಟ್ಟುಕೊಳ್ಳುವುದಿಲ್ಲ. ಕುಂಡ ಎತ್ತಿ ನೋಡುತ್ತೇನೆ. ಹೊಸ ಗಿಡ ತಂದಾಗ ಒಮ್ಮೆ ಚೆನ್ನಾಗಿ ನೀರುಣಿಸಿ ಎತ್ತಿದರೆ ಅದರ ಭಾರ ಕೈಗೆ ಗೊತ್ತಾಗುತ್ತದೆ. ಆಮೇಲೆ ದಿನಾ ಸುಮ್ನೆ ಎತ್ತಿ ಇಡುವುದು, ಅಷ್ಟೇ. ಹಗುರಾದಾಗ ಮಾತ್ರ ನೀರು. ಎತ್ತಲಾಗದ ದೊಡ್ಡ ಕುಂಡವಾದರೆ ಬೆರಳನ್ನು ಎರಡು ಗೆಣ್ಣಿನಷ್ಟು ಆಳ ಚುಚ್ಚುತ್ತೇನೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ತಣ್ಣಗಿದ್ದು ಮಣ್ಣು ಬೆರಳಿಗೆ ಅಂಟಿದರೆ ಇನ್ನೂ ಕಾಯಬೇಕು.

ನಮ್ಮ ಊರಲ್ಲಿ ಮಣ್ಣಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ತೊಗರಿಗೆ ಹೇಳಿ ಮಾಡಿಸಿದ ಎರೆ ಮಣ್ಣು ಕುಂಡಕ್ಕೆ ಆಗಿಬರುವುದಿಲ್ಲ. ನೀರು ಹಿಡಿದಿಟ್ಟುಕೊಳ್ಳುವ ಗುಣ ಹೊಲದಲ್ಲಿ ವರ, ಕುಂಡದಲ್ಲಿ ಕಾಟ. ಹಸಿ ಇದ್ದಾಗ ಅದು ಜಿಗಟು ಮುದ್ದೆ. ಒಣಗಿದಾಗ ಕುಗ್ಗಿ ಗಟ್ಟಿಯಾಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಸುತ್ತಲೂ ಕಡ್ಡಿ ಇಳಿಯುವಷ್ಟು ಬಿರುಕು. ಆಗ ಮೇಲಿಂದ ನೀರು ಸುರಿದರೆ ಬಿರುಕಿನಲ್ಲೇ ಸರ್ರನೆ ಇಳಿದು ಕೆಳಗಿನ ತಟ್ಟೆ ತುಂಬುತ್ತದೆ. ಗಿಡಕ್ಕೆ ಹೊಟ್ಟೆ ತುಂಬಿತು ಅಂತ ನಮಗೆ ಅನಿಸುತ್ತದೆ. ಕಡ್ಡಿಯಿಂದ ನಡುವೆ ಕೆದಕಿ ನೋಡಿ, ಬೇರಿನ ಸುತ್ತ ಮಣ್ಣು ಪುಡಿಪುಡಿ ಒಣಗಿರುತ್ತದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಪೂರ್ತಿ ಒಣಗಿ ಕುಗ್ಗಿದಾಗಲೂ ನೀರು ಹೀಗೇ ಅಂಚಿನಿಂದ ಇಳಿದುಹೋಗಬಹುದು.

ಹೀಗಾದಾಗ ನಾನು ಬಕೆಟಿನಲ್ಲಿ ನಾಲ್ಕು ಬೆರಳು ನೀರು ತುಂಬಿ ಕುಂಡವನ್ನು ಅದರಲ್ಲಿ ಇಳಿಸುತ್ತೇನೆ. ತಳದ ತೂತಿನಿಂದ ಮಣ್ಣು ತಾನೇ ನೀರು ಎಳೆದುಕೊಳ್ಳುತ್ತದೆ. ಮೇಲಿನ ಮಣ್ಣು ಕಪ್ಪಗೆ ಒದ್ದೆಯಾದ ಕೂಡಲೇ ತೆಗೆದು, ಬಚ್ಚಲಲ್ಲಿ ಸೋರಲು ಬಿಡುತ್ತೇನೆ. ಕುಂಡ ಬದಲಿಸುವಾಗ ಎರೆ ಮಣ್ಣು ಬಿಟ್ಟು ಕೆಂಪು ಮಣ್ಣು, ಎರೆಹುಳು ಗೊಬ್ಬರ, ಒಂದಿಷ್ಟು ಕೋಕೋಪೀಟ್, ದಪ್ಪ ಮರಳು ಕಲಸುತ್ತೇನೆ. ನಮ್ಮ ಅಕ್ಕ ಬೀದರಿನಲ್ಲಿದ್ದಾಳೆ. ಅಲ್ಲಿ ಕೆಂಪು ಜಂಬಿಟ್ಟಿಗೆ ಮಣ್ಣು, ನೀರು ಬೇಗ ಇಳಿದುಹೋಗುತ್ತದೆ, ಊರೂ ನಮಗಿಂತ ತಂಪು. ಗಿಡ ಅದೇ ಜಾತಿಯದ್ದಾದರೂ ಅವಳ ಲೆಕ್ಕ ನನಗೆ ಹೊಂದುವುದಿಲ್ಲ.

ನೀರು ಹಾಕುವಾಗ ಮಾತ್ರ ಜಿಪುಣತನ ಬೇಡ. ದಿನಾ ಅರ್ಧ ಲೋಟ ಚಿಮುಕಿಸಿದರೆ ಮೇಲಿನ ಪದರ ಹಸಿ, ಕೆಳಗಿನ ಬೇರು ಒಣಗಿದ್ದು. ಸುತ್ತಲೂ ನಿಧಾನಕ್ಕೆ, ತೂತಿನಿಂದ ಹೊರಬರುವವರೆಗೆ ಹಾಕುತ್ತೇನೆ. ಅರ್ಧ ಗಂಟೆ ಬಿಟ್ಟು ತಟ್ಟೆಯ ನೀರು ಚೆಲ್ಲುತ್ತೇನೆ. ತಳದಲ್ಲಿ ತೂತೇ ಇಲ್ಲದ ಚೆಂದದ ಕುಂಡ ಯಾರಾದರೂ ಉಡುಗೊರೆ ಕೊಟ್ಟರೆ ಅದರಲ್ಲಿ ಪೆನ್ನು ಇಡಿ.

ನಮ್ಮ ಬೋರ್ ನೀರು ಗಡಸು. ಮಣ್ಣಿನ ಕುಂಡದ ಹೊರಮೈಯಲ್ಲಿ ಬಿಳಿ ಪುಡಿ ಕೂತಿದ್ದನ್ನು ನೋಡಿದ್ದೀರಲ್ವಾ? ಅದು ನೀರಿನಲ್ಲಿರುವ ಲವಣ. ಅದು ಜಾಸ್ತಿಯಾದರೆ ಎಲೆಯ ತುದಿ ಕಂದಾಗಿ ಸುಡುತ್ತದೆ, ಸ್ಪೈಡರ್ ಪ್ಲಾಂಟಿನಲ್ಲಿ ಬೇಗ ಕಾಣುತ್ತದೆ. ಮಳೆ ನೀರು ಸಿಕ್ಕರೆ ಮೊದಲು ಅದು. ಎಸಿಯಿಂದ ಸೋರುವ ನೀರಲ್ಲಿ ಲವಣ ಇರುವುದಿಲ್ಲ, ಅದೂ ನಡೆಯುತ್ತದೆ. ಆರ್‌ಓ ಯಂತ್ರ ಹೊರಗೆ ಬಿಡುವ ನೀರು ಮಾತ್ರ ಬೇಡ. ಕೂಲರಿನ ತಳದಲ್ಲಿ ಉಳಿದದ್ದೂ ಬೇಡ. ನೀರು ಆವಿಯಾಗಿ ಹೋಗಿ ಲವಣವೆಲ್ಲ ಅಲ್ಲೇ ಕೂಡಿರುತ್ತದೆ. ಎಷ್ಟೋ ಮನೆಗಳಲ್ಲಿ ನೀರು ಯಾಕೆ ದಂಡ ಮಾಡಬೇಕೆಂದು ಅದನ್ನೇ ಗಿಡಕ್ಕೆ ಹಾಕುತ್ತಾರೆ. ಅದನ್ನು ಅಂಗಳ ತೊಳೆಯಲು ಬಳಸಿ.

ಹೋಳಿ ಮುಗಿದು ಶರಣಬಸವೇಶ್ವರ ಜಾತ್ರೆ ಬಂತೆಂದರೆ ಇಲ್ಲಿ ಬಿಸಿಲು ಏರುತ್ತದೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಮಧ್ಯಾಹ್ನ ಮಾಳಿಗೆ ಮೇಲಿನ ಟ್ಯಾಂಕಿನ ನೀರಿಗೆ ಕೈ ಇಡಲಾಗುವುದಿಲ್ಲ, ಅದು ಬೇರಿಗೂ ಬಿಸಿಯೇ. ರಾತ್ರಿ ಬಕೆಟ್ ತುಂಬಿಟ್ಟು ಬೆಳಿಗ್ಗೆ ಹಾಕುತ್ತೇನೆ. ಬರೀ ಫ್ಯಾನ್ ತಿರುಗುವ ಕೋಣೆಯಲ್ಲಿ ಮಣ್ಣು ಬೇಗ ಒಣಗುತ್ತದೆ, ಕೂಲರ್ ಕೋಣೆಯಲ್ಲಿ ಗಾಳಿ ಹಸಿ ಇರುವುದರಿಂದ ತಡ. ಮಳೆಗಾಲದಲ್ಲಿ ಕುಂಡದ ಮೇಲೆ ಸಣ್ಣ ಕರಿ ನೊಣ ಹಾರಾಡಿದರೆ ಮಣ್ಣು ಹಸಿ ಜಾಸ್ತಿ ಎಂದರ್ಥ. ಮೇಲಿನ ಪದರ ಪೂರ್ತಿ ಒಣಗಲು ಬಿಡಿ.

ಹೊಸಬರು ಸ್ನೇಕ್ ಪ್ಲಾಂಟ್ ಅಥವಾ ಜೀಜೀ ಪ್ಲಾಂಟಿನಿಂದ ಶುರು ಮಾಡಿ. ಮಣ್ಣು ತಳದವರೆಗೆ ಒಣಗಿದರೂ ಅವು ತಡೆದುಕೊಳ್ಳುತ್ತವೆ. ಪೀಸ್ ಲಿಲಿ ನೀರು ಬೇಕಾದಾಗ ತಾನೇ ತಲೆ ಬಗ್ಗಿಸುತ್ತದೆ, ನೀರು ಸಿಕ್ಕರೆ ಕೆಲವೇ ತಾಸಿನಲ್ಲಿ ಎದ್ದು ನಿಲ್ಲುತ್ತದೆ. ಆದರೆ ಅದು ಬಗ್ಗಿದ್ದಾಗಲೂ ಮೊದಲು ಮಣ್ಣು ಮುಟ್ಟಿ ನೋಡಿ. ಅರೆಕಾ ಪಾಮ್ ಅಷ್ಟು ಒಣಗುವುದನ್ನು ಸಹಿಸುವುದಿಲ್ಲ, ಬೇಸಿಗೆಯಲ್ಲಿ ಅದರ ಮೇಲೆ ಒಂದು ಕಣ್ಣಿರಲಿ.

ಊರಿಗೆ ಹೋಗುವುದಿದ್ದರೆ ಗಿಡಗಳನ್ನೆಲ್ಲ ಕಿಟಕಿ ಬಿಸಿಲಿನಿಂದ ದೂರ ಒಂದೇ ಕಡೆ ಗುಂಪಾಗಿ ಇಡುತ್ತೇನೆ. ಅರೆಕಾ ಪಕ್ಕದಲ್ಲಿ ಒಂದು ನೀರಿನ ಬಾಟಲಿ. ಹತ್ತಿ ಹಗ್ಗದ ಒಂದು ತುದಿ ಬಾಟಲಿಯ ತಳಕ್ಕೆ, ಇನ್ನೊಂದು ತುದಿ ಮಣ್ಣಿನೊಳಗೆ. ಹೊರಡುವ ಹಿಂದಿನ ದಿನವೇ ಕಟ್ಟಿ ನೋಡಿ, ಹಗ್ಗವನ್ನು ಮೊದಲೇ ನೆನೆಸಿಡಿ. ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಹೋಗುವುದಾದರೆ, ಸ್ನೇಕ್ ಪ್ಲಾಂಟಿಗೆ ಮಾತ್ರ ನೀರು ಬೇಡ್ರೀ ಅಂತ ಎರಡೆರಡು ಸಲ ಹೇಳಿ ಹೋಗಿ.