ಟೈರ್ ಮೇಲಿನ 200 ಮತ್ತು ನಮ್ಮ ಜಗಳಗಳು

ಹವ್ಯಾಸಿ ಕಾರ್ ರೇಸ್‌ಗಳಲ್ಲಿ ಸ್ಕ್ರೂಟಿನಿ ಮಾಡುವುದು, ಅಂದರೆ ಕಾರುಗಳು ನಿಯಮದಂತೆ ಇವೆಯೇ ಅಂತ ಪರೀಕ್ಷಿಸುವುದು, ನನ್ನ ಕೆಲಸ. ಇಂಜಿನ್ ಬಗ್ಗೆ ಬರುವ ದೂರಿಗಿಂತ ಟೈರ್ ಬಗ್ಗೆ ಬರುವ ದೂರೇ ಜಾಸ್ತಿ. ರಸ್ತೆ ಟೈರ್ ಹಾಕಿ ಓಡುವ ನಮ್ಮ ಸ್ಟ್ರೀಟ್ ಕ್ಲಾಸಿನಲ್ಲಿದ್ದ ನಿಯಮ ಒಂದೇ ಸಾಲಿನದು: ಟೈರ್ ಮೇಲೆ ಅಚ್ಚಾಗಿರುವ ಟ್ರೆಡ್‌ವೇರ್ ಅಂಕಿ 200 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. ಓದಲು ಸುಲಭ, ಅಲ್ವಾ?

ಒಂದು ರೇಸ್ ಮುಗಿದ ಕೂಡಲೇ ಎರಡನೆಯವರು ಮೊದಲನೆಯವರ ಮೇಲೆ ದೂರು ಬರೆದುಕೊಟ್ಟರು. ಟೈರ್ ಮೇಲೆ 200 ಅಂತ ಅಚ್ಚಾಗಿದ್ದರೂ ರಬ್ಬರ್ ತುಂಬಾ ಮೆತ್ತಗಿದೆ, ಅದು 200 ಆಗಿರಲು ಸಾಧ್ಯವೇ ಇಲ್ಲ ಅಂತ. ನಾನು ರಬ್ಬರಿನ ಗಡಸುತನ ಅಳೆಯುವ ಡ್ಯೂರೋಮೀಟರ್ ತಂದು ಒತ್ತಿ ನೋಡಿದೆ. ಟೈರ್ ಇನ್ನೂ ಕೈ ಇಡಲಾಗದಷ್ಟು ಬಿಸಿ ಇತ್ತು. ಅರ್ಧ ಗಂಟೆ ಬಿಟ್ಟು ಅದೇ ಜಾಗದಲ್ಲಿ ಒತ್ತಿದರೆ ಮುಳ್ಳು ಮೇಲೆ ಹೋಗಿ ನಿಂತಿತು, ಅಂದರೆ ಅದೇ ರಬ್ಬರ್ ಈಗ ಗಟ್ಟಿ. ಇದರಲ್ಲಿ ಯಾವುದನ್ನು ಹಿಡಿಯುವುದು? ನಿಯಮದಲ್ಲಂತೂ ಗಡಸುತನದ ಮಾತೇ ಇರಲಿಲ್ಲ. ದೂರು ತಳ್ಳಿಹಾಕಿದೆ, ಆದರೆ ಅವರ ಸಿಟ್ಟು ಸುಮ್ನೆ ಬಂದದ್ದಲ್ಲ ಅನ್ನಿಸಿ, ಮನೆಗೆ ಹೋಗಿ ಈ 200 ಅಂದರೆ ಏನು ಅಂತ ಓದಲು ಕೂತೆ.

ಇದು ಅಮೆರಿಕದಲ್ಲಿ ರಸ್ತೆ ಟೈರ್‌ಗಳಿಗೆ ಕೊಡುವ ಗ್ರೇಡ್. ಟೆಕ್ಸಾಸ್‌ನ ಮಾಮೂಲಿ ರಸ್ತೆಗಳಲ್ಲಿ 7,200 ಮೈಲಿ ಓಡಿಸಿ ಸವೆತ ಅಳೆಯುತ್ತಾರೆ. ಹೋಲಿಕೆಗೆ ಇಟ್ಟ ಟೈರ್ 100 ಆದರೆ, 200 ಅಂದರೆ ಅದರ ಎರಡರಷ್ಟು ಬಾಳಿಕೆ. ಅಂಕಿ ಹಾಕುವುದು ಟೈರ್ ಕಂಪನಿಯೇ. ಟ್ರ್ಯಾಕ್‌ನಲ್ಲಿ ಎಷ್ಟು ಗ್ರಿಪ್ ಸಿಗುತ್ತದೆ ಅನ್ನುವುದಕ್ಕೂ ಈ ಅಂಕಿಗೂ ನೇರ ಸಂಬಂಧವೇ ಇಲ್ಲ! ನಾವು ಬಾಳಿಕೆಯ ಅಂಕಿ ಹಿಡಿದುಕೊಂಡು ಗ್ರಿಪ್‌ಗೆ ಬೇಲಿ ಹಾಕಲು ಹೊರಟಿದ್ದೆವು.

ಅಂದಿನಿಂದ ನಾನು ಕಣ್ಣಿಗೆ ಕಾಣುವುದನ್ನು ಮಾತ್ರ ಬರೆದುಕೊಳ್ಳುತ್ತೇನೆ: ಮಾಡೆಲ್‌ನ ಪೂರ್ತಿ ಹೆಸರು, ಸೈಜ್, ತಯಾರಾದ ವಾರ. 3522 ಅಂತಿದ್ದರೆ 2022ರ 35ನೇ ವಾರ. ಈ ನಾಲ್ಕು ಅಂಕಿ ಎಷ್ಟೋ ಸಲ ಟೈರಿನ ಒಂದೇ ಪಕ್ಕದಲ್ಲಿರುತ್ತವೆ, ಅದೂ ಒಳಗಡೆಗೆ ಬಂದಿದ್ದರೆ ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿಯೇ ಓದಬೇಕು. ಟ್ರೆಡ್, ಅಂದರೆ ನೆಲಕ್ಕೆ ತಾಗುವ ಗಾಡಿಗಳಿರುವ ಭಾಗದ, ಆಳವನ್ನೂ ಅಳೆಯುತ್ತೇನೆ. ಟ್ರೆಡ್ ಹೆರೆಸಿಕೊಂಡು ಬರುವವರಿದ್ದಾರೆ, ತೆಳುವಾದರೆ ಅದರ ರಬ್ಬರ್ ತುಂಡುಗಳು ಕಡಿಮೆ ಅಲುಗಾಡುತ್ತವೆ, ಬಿಸಿಯೂ ಕಡಿಮೆ. ಹೆರೆಯಬಹುದೋ ಬಾರದೋ ಅಂತ ನಿಯಮದಲ್ಲೇ ಬರೆದಿಡಿ, ಇಲ್ಲದಿದ್ದರೆ ಮುಂದಿನ ಜಗಳ ಅದೇ.

ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಹೆಸರುಗಳ ಪಟ್ಟಿ. 200ರ ಸಾಲಿನ ಜೊತೆಗೆ ಒಪ್ಪಿದ ಮಾಡೆಲ್‌ಗಳ ಹೆಸರನ್ನೂ ಸೀಸನ್‌ಗೆ ಮುಂಚೆ ಹಾಕುತ್ತೇವೆ, ಮಧ್ಯದಲ್ಲಿ ಹೊಸದು ಸೇರಿಸುವುದಿಲ್ಲ. ಟೈರ್ ಮೇಲೆ ದೂರಿದ್ದರೆ ರೇಸ್‌ಗೆ ಮುಂಚೆಯೇ ಕೊಡಬೇಕು. ಈಗಲೂ ವಾದ ನಡೆಯುತ್ತದೆ, ಆದರೆ ಸಭೆಯಲ್ಲಿ, ಕಪ್ ಕೊಡುವ ಹೊತ್ತಿನಲ್ಲಲ್ಲ.

ಸೈಜ್‌ನದೊಂದು ಬಾಕಿ ಇದೆ. ಕೆಲವು ಒಳ್ಳೆಯ ಟೈರ್‌ಗಳು ದೊಡ್ಡ ಚಕ್ರಕ್ಕೆ ಮಾತ್ರ ಬರುತ್ತವೆ, ಚಿಕ್ಕ ಕಾರಿನವರು ನೋಡುತ್ತಾ ನಿಲ್ಲಬೇಕು. ಕ್ಲಾಸಿನ ಎಲ್ಲ ಕಾರುಗಳಿಗೂ ಸಿಗದ ಮಾಡೆಲ್ ಪಟ್ಟಿಯಲ್ಲಿ ಬೇಡ ಅಂತ ಈ ಸಲ ಸಭೆಯಲ್ಲಿ ಕೇಳಲಿದ್ದೇನೆ.